ಏಟಿಗೆ ಮುಂಚೆ ಬಂದ ಸದ್ದು

"ಏನಪ್ಪಾ ಇದು? ನಾನಿನ್ನೂ ಏಟೇ ಹಾಕಿಲ್ಲ, ಆಗ್ಲೇ ಸದ್ದು ಬರ್ತಾ ಐತೆ!"

ಜಗಲಿಯ ಮೇಲೆ ಕೂತು ನನ್ನ ಇಯರ್‌ಫೋನನ್ನು ಎರಡೂ ಕಿವಿಗೆ ಸಿಕ್ಕಿಸಿಕೊಂಡಿದ್ದ ತಮಟೆ ತಾತ ಹೀಗೆಂದಾಗ ನಾನು ನಕ್ಕುಬಿಟ್ಟೆ. ಎಪ್ಪತ್ತು ದಾಟಿದ ಕಿವಿ, ಅದೂ ಆಯುಷ್ಯವೆಲ್ಲ ತಮಟೆಯ ಪಕ್ಕದಲ್ಲೇ ಕಳೆದ ಕಿವಿ. ಏನೋ ಗುಂಯ್ ಅಂದಿರಬೇಕು ಅಂದುಕೊಂಡೆ. ತಾತ ನಗಲಿಲ್ಲ. "ಇನ್ನೊಂದ್ ಸಲ ಹಾಕು" ಅಂದರು. ಹಾಕಿದೆ. ಕಣ್ಣು ಮುಚ್ಚಿ ಕೇಳಿ, ಇಯರ್‌ಫೋನ್ ಕಿತ್ತು ಕೈಗೆ ಕೊಟ್ಟು, "ಇದು ನನ್ ತಮಟೆ ಅಲ್ಲ" ಅಂದು ಎದ್ದು ಹೋದರು.

ಅದು ಅವರದೇ ತಮಟೆ. ಹಿಂದಿನ ವಾರ ಕೋಲಾರ ಜಿಲ್ಲೆಯ ನಮ್ಮೂರು ವಕ್ಕಲೇರಿಯ ಮಾರ್ಕಂಡೇಶ್ವರ ಬೆಟ್ಟದ ಬುಡದಲ್ಲಿ ನಾನೇ ಕೂತು ರೆಕಾರ್ಡ್ ಮಾಡಿಕೊಂಡಿದ್ದೆ. ಒಣಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿದ್ದು, ಬೆರಳಲ್ಲಿ ತಟ್ಟಿ ನೋಡಿ ಸಾಲದೆಂದು ಮತ್ತೊಮ್ಮೆ ಕಾಯಿಸಿದ್ದು, ಆಮೇಲೆ ಒಂದು ಗಿಡ್ಡ ಕೋಲು, ಒಂದು ಸಣಕಲು ಉದ್ದ ಕಡ್ಡಿ ಹಿಡಿದು 40 ನಿಮಿಷ ಬಿಡದೆ ಬಾರಿಸಿದ್ದು ಎಲ್ಲ ನನ್ನ ಕಣ್ಣೆದುರೇ ನಡೆದದ್ದು. ತಪ್ಪು ನಡೆದದ್ದು ನನ್ನ ಕೈಯಲ್ಲಿ. ರೆಕಾರ್ಡರ್‌ನಲ್ಲಿ ಯಾವ ನಮೂನೆಯ ಫೈಲು ಬೇಕು ಎಂದು ಕೇಳುವ ಕಡೆ, ಜಾಗ ಉಳಿಯಲಿ ಅಂತ, ಎಲ್ಲಕ್ಕಿಂತ ಕೆಳಗಿದ್ದುದನ್ನು ಒತ್ತಿದ್ದೆ: ಎಂಪಿ3, ಸೆಕೆಂಡಿಗೆ 64 ಕಿಲೋಬಿಟ್. ಇಡೀ 40 ನಿಮಿಷ 19 ಎಂ.ಬಿ.ಯಲ್ಲಿ ಮುದುಡಿಕೊಂಡು ಕೂತಿತ್ತು. ಆಗ ಅದು ನನಗೆ ಜಾಣತನ ಅನ್ನಿಸಿತ್ತು.

ರಾತ್ರಿ ಒಬ್ಬನೇ ಕೂತು ಕೇಳಿದೆ. ಹತ್ತಾರು ಸಲ ಕೇಳಿದ ಮೇಲೆ ಕಿವಿಗೆ ಸಿಕ್ಕಿತು. ಪ್ರತಿ ಬಿಡಿ ಏಟಿಗೂ ಕೂದಲೆಳೆಯಷ್ಟು ಮುಂಚೆ, ಮರಳು ಜಾರಿದ ಹಾಗೆ ಒಂದು 'ಶ್'. ಕಂಪ್ಯೂಟರಿನಲ್ಲಿ ಅದೇ ಜಾಗವನ್ನು ಹಿಗ್ಗಿಸಿ ನೋಡಿದೆ. ಏಟು ಬೀಳುವ ಮುನ್ನ ಗೆರೆ ಸಪಾಟಾಗಿರಬೇಕು. ಇಲ್ಲಿ ಗೆದ್ದಲು ಹಿಡಿದ ಹಾಗೆ ಸಣ್ಣಗೆ ಒರಟಾಗಿತ್ತು. ಬಾರಿಸದ ಸದ್ದು ಫೈಲಿನಲ್ಲಿತ್ತು. ತಾತನ ಕಿವಿ ಸರಿಯಾಗಿಯೇ ಇತ್ತು.

ಈ 'ಶ್' ಎಲ್ಲಿಂದ ಬಂತು ಎಂದು ಜಾಡು ಹಿಡಿದು ಹೊರಟವನು ಜರ್ಮನಿಗೋ ಜಪಾನಿಗೋ ಹೋಗಿ ನಿಲ್ಲುತ್ತೇನೆ ಅಂದುಕೊಂಡಿದ್ದೆ. ಜರ್ಮನಿ ಬಂತು, ನಿಜ. ಅದಕ್ಕೂ ಹಿಂದಕ್ಕೆ ಹೋದರೆ ದಾರಿ ಬಂದು ಮುಟ್ಟಿದ್ದು ಬೆಂಗಳೂರಿನ ಕೆ.ಆರ್. ಸರ್ಕಲ್ಲಿಗೆ.

ಕೆ.ಆರ್. ಸರ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಈಗ ಯು.ವಿ.ಸಿ.ಇ. ಅನ್ನುತ್ತಾರಲ್ಲ, 1917ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ ಶುರುವಾದದ್ದು. (ಅವರ ಮುದ್ದೇನಹಳ್ಳಿ ಮೊನ್ನೆಮೊನ್ನೆಯವರೆಗೂ ನಮ್ಮ ಕೋಲಾರ ಜಿಲ್ಲೆಯದೇ. ಚಿಕ್ಕಬಳ್ಳಾಪುರ ಬೇರೆಯಾಗಿದ್ದು 2007ರಲ್ಲಿ. ಈ ಮಾತು ಹೇಳದೆ ಕೋಲಾರದವನು ಮುಂದಕ್ಕೆ ಹೋಗಲಾರ.) ಆ ಕಾಲೇಜಿನಿಂದ 1961ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಾಗಿ ಹೊರಬಂದ ಹುಡುಗ ನಾಸಿರ್ ಅಹ್ಮದ್. ಹುಟ್ಟಿದ್ದು 1940ರಲ್ಲಿ, ಬೆಂಗಳೂರಲ್ಲೇ. ಓದಿದ್ದು ಬಿಷಪ್ ಕಾಟನ್ ಶಾಲೆ. ಅಲ್ಲಿಂದ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯಕ್ಕೆ ಹೋಗಿ 1966ರಲ್ಲಿ ಡಾಕ್ಟರೇಟ್ ಪಡೆದರು. ಎರಡು ವರ್ಷ ಹನಿವೆಲ್ ಕಂಪನಿಯಲ್ಲಿ ಕೆಲಸ ಮಾಡಿ, 1968ರಲ್ಲಿ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಮೇಷ್ಟರಾಗಿ ಸೇರಿದರು. ಈಗ ನೀವು ಫೋನಿನಲ್ಲಿ ನೋಡುವ ಹೆಚ್ಚಿನ ಫೋಟೋ, ವಿಡಿಯೋ, ಕೇಳುವ ಹಾಡುಗಳೆಲ್ಲ ಇವರ ಒಂದು ಸೂತ್ರದ ಋಣದಲ್ಲಿವೆ ಎಂದರೆ ಉತ್ಪ್ರೇಕ್ಷೆಯಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾಡುವ ನನ್ನ ಗೆಳೆಯರಲ್ಲಿ ಒಬ್ಬರಿಗೂ ಇವರ ಹೆಸರು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ.

ಅಹ್ಮದ್ ತಲೆ ಕೆಡಿಸಿಕೊಂಡಿದ್ದ ಸಮಸ್ಯೆ ಇದು. ಒಂದು ಚಿತ್ರವನ್ನೋ ಸದ್ದನ್ನೋ ಅಂಕಿಗಳ ಸಾಲಾಗಿ ಬರೆದಿದ್ದೀರಿ. ಅಕ್ಕಪಕ್ಕದ ಅಂಕಿಗಳು ಸಾಮಾನ್ಯವಾಗಿ ಒಂದಕ್ಕೊಂದು ಹತ್ತಿರ. ಅಂದರೆ ಒಂದೇ ಸುದ್ದಿಯನ್ನು ಮತ್ತೆಮತ್ತೆ ಹೇಳುತ್ತಿದ್ದೀರಿ. ಆ ಪುನರುಕ್ತಿಯನ್ನು ಕಳೆದು, ಸತ್ವವನ್ನೆಲ್ಲ ಮೊದಲಿನ ಕೆಲವೇ ಅಂಕಿಗಳಿಗೆ ಸೇರಿಸುವ ಗಣಿತ ಬೇಕು. ಅಂಥದ್ದೊಂದು ಆಗಲೇ ಇತ್ತು, ಹೆಸರು ಕಾರ್ಹುನೆನ್-ಲೋವ್. ಅದಕ್ಕಿಂತ ಚೆನ್ನಾಗಿ ಈ ಕೆಲಸ ಮಾಡುವುದು ಸಾಧ್ಯವೇ ಇಲ್ಲ ಎಂದು ರುಜುವಾತೂ ಆಗಿತ್ತು. ಆದರೆ ಅದನ್ನು ಬೇಗ ಲೆಕ್ಕಹಾಕುವ ದಾರಿ ಇರಲಿಲ್ಲ. ಒಂದೊಂದು ಬಗೆಯ ಮಾಹಿತಿಗೂ ಹೊಸದಾಗಿ ಮೊದಲಿನಿಂದ ಲೆಕ್ಕ ಮಾಡಬೇಕು. ಪುಸ್ತಕದಲ್ಲಿ ಉತ್ತಮ, ಯಂತ್ರದಲ್ಲಿ ಉಪಯೋಗಕ್ಕಿಲ್ಲ. ಅದರ ಹತ್ತಿರಕ್ಕೆ ಬರುವ, ಆದರೆ ಬಡವರೂ ಸಾಕಬಹುದಾದ ಹಸು ಯಾವುದಾದರೂ ಇದೆಯೇ ಎಂದು ಅಹ್ಮದ್ ಹುಡುಕುತ್ತಿದ್ದರು. ಚೆಬಿಶೆವ್ ಎಂಬ ರಷ್ಯನ್ ಗಣಿತಜ್ಞನ ಹೆಸರಿನ ಬಹುಪದಿಗಳ ಬಗ್ಗೆ ಒಂದು ಪಠ್ಯಪುಸ್ತಕದಲ್ಲಿ ಓದುತ್ತಿದ್ದಾಗ, ಬರೀ ಕೊಸೈನ್ ಅಲೆಗಳನ್ನೇ ಇಟ್ಟುಕೊಂಡು ಒಂದು ಪರಿವರ್ತನೆ ಕಟ್ಟಬಹುದಲ್ಲ ಎಂದು ಹೊಳೆಯಿತು.

1972ರಲ್ಲಿ ಈ ಕೆಲಸಕ್ಕೆ ಹಣ ಕೊಡಿ ಎಂದು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಅರ್ಜಿ ಹಾಕಿದರು. ಹಣ ಬರಲಿಲ್ಲ. ಪರಿಶೀಲಿಸಿದವರೊಬ್ಬರು ಕೊಟ್ಟ ಕಾರಣವನ್ನು ಅಹ್ಮದ್ 1991ರಲ್ಲಿ ಬರೆದ ಒಂದು ಪುಟ್ಟ ನೆನಪಿನ ಲೇಖನದಲ್ಲಿ ಹೇಳಿಕೊಂಡಿದ್ದಾರೆ: ವಿಚಾರ ತೀರಾ ಸರಳವಾಯಿತಂತೆ. ಕಷ್ಟವಾಗಿರುವುದೇ ವಿದ್ಯೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ.

ಅಹ್ಮದ್ ಬಿಡಲಿಲ್ಲ. ತಮ್ಮ ಬಳಿ ಡಾಕ್ಟರೇಟ್ ಮಾಡುತ್ತಿದ್ದ ಟಿ. ನಟರಾಜನ್, ಟೆಕ್ಸಾಸಿನಲ್ಲಿದ್ದ ಸಹೋದ್ಯೋಗಿ ಕೆ.ಆರ್. ರಾವ್, ಈ ಇಬ್ಬರ ಜತೆ ಸೇರಿ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿತ್ತು. ಎಲ್ಲೋ ಎಡವಿದ್ದೇವೆ ಎಂಬ ಗುಮಾನಿ ಬಂತು. ಈ ವಿದ್ಯೆಯಲ್ಲಿ ಪಳಗಿದ್ದ ಹ್ಯಾರಿ ಆಂಡ್ರ್ಯೂಸ್ ಅವರನ್ನು ಕೇಳಿದರು. ಅವರು ಇನ್ನೊಂದು ಅಳತೆಗೋಲು ಹೇಳಿ, ಅದಕ್ಕೆ ಬೇಕಾದ ಪ್ರೋಗ್ರಾಮುಗಳನ್ನೂ ಕಳಿಸಿಕೊಟ್ಟರು. ಆ ಅಳತೆಯಲ್ಲೂ ಅಹ್ಮದರ ಕೊಸೈನ್ ಮಿಕ್ಕವನ್ನೆಲ್ಲ ಹಿಂದೆ ಹಾಕಿ ಕಾರ್ಹುನೆನ್-ಲೋವ್‌ನ ಮಗ್ಗುಲಿಗೇ ಬಂದು ಕೂತಿತು. 1974ರ ಜನವರಿಯಲ್ಲಿ ಇಂಜಿನಿಯರುಗಳ ಸಂಘ ಐಇಇಇಯ ಕಂಪ್ಯೂಟರ್ ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲಿ ಲೇಖನ ಅಚ್ಚಾಯಿತು. ನಾಲ್ಕೇ ಪುಟ. 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್', ಚಿಕ್ಕದಾಗಿ ಡಿಸಿಟಿ.

ಏನು ಮಾಡುತ್ತದೆ ಇದು? ನಾಲ್ಕು ಅಂಕಿ ತೆಗೆದುಕೊಳ್ಳಿ: 10, 11, 12, 13. ಮೆಲ್ಲಗೆ ಏರುತ್ತಿರುವ ಸದ್ದಿನ ತುಣುಕು ಎಂದುಕೊಳ್ಳಿ. ಇದನ್ನು ಡಿಸಿಟಿಗೆ ಹಾಕಿದರೆ ಆಚೆ ಬರುವ ನಾಲ್ಕು: 23, ಮೈನಸ್ 2.23, 0, ಮೈನಸ್ 0.16. ಮೊದಲನೆಯದರಲ್ಲಿ ಸರಾಸರಿ ಕೂತಿದೆ, ಎರಡನೆಯದರಲ್ಲಿ ಏರಿಕೆ. ಉಳಿದೆರಡರಲ್ಲಿ ಇದ್ದೂ ಇಲ್ಲದ ಹಾಗೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ದಪ್ಪ ಹಣ್ಣೆಲ್ಲ ಒಂದು ಬಾಕ್ಸಿಗೆ, ಮಧ್ಯಮದ್ದು ಇನ್ನೊಂದಕ್ಕೆ, ಚೂರುಪಾರು ಕೊನೆಗೆ ಅಂತ ವಿಂಗಡಿಸಿದ ಹಾಗೆ. ಗಮನಿಸಿ, ಇಷ್ಟರಲ್ಲಿ ಏನೂ ನಷ್ಟವಾಗಿಲ್ಲ. ಈ ನಾಲ್ಕನ್ನು ಹಿಂದಕ್ಕೆ ತಿರುಗಿಸಿದರೆ ಅದೇ 10, 11, 12, 13 ಸಿಗುತ್ತದೆ. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ, ಕೊನೆಯ ಬಾಕ್ಸಿನ ಸಣ್ಣ ಹಣ್ಣು ಯಾರಿಗೆ ಬೇಕು ಎಂದು ಚೆಲ್ಲಿದಾಗ. 23, ಮೈನಸ್ 2, ಸೊನ್ನೆ, ಸೊನ್ನೆ ಎಂದು ಬರೆದುಕೊಂಡು ಹಿಂದಕ್ಕೆ ತಿರುಗಿಸಿ ನೋಡಿ: 10.2, 11, 12, 12.8. ಎರಡೇ ಅಂಕಿ ಇಟ್ಟುಕೊಂಡು ನಾಲ್ಕನ್ನು ಹೆಚ್ಚುಕಡಿಮೆ ವಾಪಸು ಪಡೆದೆವು.

ಅದೇ ನಾಲ್ಕನ್ನು ಹಳೆಯ ಫೋರಿಯರ್ ವಿಧಾನಕ್ಕೆ ಕೊಟ್ಟರೆ 23ರ ಪಕ್ಕದಲ್ಲಿ 1.4, 1, 1.4 ಎಂದು ಮೂರೂ ಬಾಕ್ಸಿನಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಯಾಕೆಂದರೆ ಅದು 13 ಆದ ಮೇಲೆ ಮತ್ತೆ 10 ಬರುತ್ತದೆ ಎಂದು ಭಾವಿಸಿ, ಇಲ್ಲದ ಹಳ್ಳವೊಂದನ್ನು ಇಳಿಯಲು ಅಲೆಗಳನ್ನು ಖರ್ಚು ಮಾಡುತ್ತದೆ. ಡಿಸಿಟಿ 13 ಆದ ಮೇಲೆ ಕನ್ನಡಿ ಹಿಡಿದ ಹಾಗೆ 13, 12, 11, 10 ಎಂದು ತಿರುಗುತ್ತದೆ. ಹಳ್ಳವೇ ಇಲ್ಲ. ತೀರಾ ಸರಳ ಎಂದರಲ್ಲ, ಸರಳವಾಗಿಯೇ ಇದೆ.

ಅಹ್ಮದರ ಮನಸ್ಸಿನಲ್ಲಿ ಆಗ ಸಂಗೀತವಿರಲಿಲ್ಲ. ಡಿಸಿಟಿ ಮೊದಲು ಗೆದ್ದದ್ದು ಚಿತ್ರಗಳಲ್ಲಿ. ಫೋಟೋಗಳ ಜೆಪೆಗ್ ಫೈಲಿನ ಎದೆಯಲ್ಲಿರುವುದು ಅದೇ. ಸಂಗೀತಕ್ಕೆ ಬಂದಾಗ ಒಂದು ತೊಡಕು. ಸದ್ದನ್ನು ತುಂಡುತುಂಡಾಗಿ ಕತ್ತರಿಸಿ ಒಂದೊಂದನ್ನೂ ಬೇರೆಬೇರೆಯಾಗಿ ಕುಗ್ಗಿಸಿದರೆ, ತುಂಡುಗಳು ಕೂಡುವ ಕಡೆ ಅಂಚು ಕಿವಿಗೆ ತಾಗುತ್ತದೆ. ಇದಕ್ಕೆ ಮದ್ದು ಕಂಡುಹಿಡಿದವರು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾನಿಲಯದ ಜಾನ್ ಪ್ರಿನ್ಸೆನ್ ಮತ್ತು ಅಲನ್ ಬ್ರಾಡ್ಲಿ, 1986-87ರಲ್ಲಿ. ಛಾವಣಿಗೆ ಹೆಂಚು ಹೊದಿಸುವಾಗ ಒಂದರ ಅಂಚಿನ ಮೇಲೆ ಇನ್ನೊಂದನ್ನು ಕೂರಿಸುವುದಿಲ್ಲವೇ, ಹಾಗೆ. ಒಂದು ತುಂಡಿನ ಅರ್ಧ ಪಕ್ಕದ ತುಂಡಿನ ಮೇಲೆ ಬರುವಂತೆ ಜೋಡಿಸಿದರು. ಒಂದರ ತಪ್ಪನ್ನು ಇನ್ನೊಂದು ಅಳಿಸುವ ಹಾಗೆ ಲೆಕ್ಕ ಕೂರಿಸಿದರು. ಮಾರ್ಪಡಿಸಿದ ಡಿಸಿಟಿ ಎಂದು ಇದಕ್ಕೆ ಹೆಸರು.

ಇಲ್ಲಿಂದ ಜರ್ಮನಿ. ಎರ್ಲಾಂಗನ್ ವಿಶ್ವವಿದ್ಯಾನಿಲಯದ ಡೀಟರ್ ಜೈಟ್ಸರ್ ಎಂಬ ಪ್ರೊಫೆಸರಿಗೆ ಟೆಲಿಫೋನ್ ತಂತಿಯಲ್ಲಿ ಸಂಗೀತ ಕಳಿಸುವ ಹುಚ್ಚು. ಪೇಟೆಂಟ್ ಕಚೇರಿಯಲ್ಲಿ ಇದು ಆಗದ ಹೋಗದ ಮಾತು ಎಂದರು. ಅವರ ಶಿಷ್ಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಅದನ್ನು ಆಗಿಸಿದರು. ಆಗಿಸಿದ ಬಗೆ ಕಿವಿಯ ದೌರ್ಬಲ್ಯದ ಮೇಲೆ ನಿಂತಿದೆ. ಜಾತ್ರೆಯಲ್ಲಿ ತೇರಿನ ಮುಂದೆ ನಗಾರಿ ಬಡಿಯುತ್ತಿರುವಾಗ ಪಕ್ಕದವನ ಪಿಸುಮಾತು ಕೇಳಿಸುವುದಿಲ್ಲ. ಕೇಳಿಸದ್ದನ್ನು ಇಟ್ಟುಕೊಳ್ಳುವುದು ಯಾಕೆ? ಯಾವ ಬಾಕ್ಸಿನ ಹಣ್ಣು ಚೆಲ್ಲಬೇಕು ಎಂಬುದನ್ನು ಕಿವಿಯನ್ನೇ ಕೇಳಿ ತೀರ್ಮಾನಿಸು, ಇದು ಉಪಾಯ.

ತಮ್ಮ ಕೆಲಸ ಮುಗಿಯಿತು ಎಂದು ಬ್ರಾಂಡೆನ್‌ಬರ್ಗ್ ಅಂದುಕೊಂಡಿದ್ದಾಗ, 1988ರ ಸುಮಾರಿಗೆ, ಸುಝಾನ್ ವೇಗಾ ಎಂಬ ಗಾಯಕಿಯ 'ಟಾಮ್ಸ್ ಡೈನರ್' ಹಾಡನ್ನು ಕುಗ್ಗಿಸಿ ನೋಡಿದರು. ವಾದ್ಯವಿಲ್ಲ, ತಾಳವಿಲ್ಲ, ಬರೀ ದನಿ. ಬಂದದ್ದು ಕೇಳಲಾರದಷ್ಟು ಕೆಟ್ಟದಾಗಿತ್ತು. ಮರೆಯಾಗಲು ನಗಾರಿಯೇ ಇಲ್ಲದ ಕಡೆ ತಪ್ಪೆಲ್ಲ ಬೀದಿಗೆ ಬಿದ್ದಿತ್ತು. ಆ ಒಂದು ಹಾಡನ್ನು ನೂರಾರು ಸಲ ಕೇಳುತ್ತ ಅವರು ಸೂತ್ರ ತಿದ್ದಿದರು. 1992ರಲ್ಲಿ ಅದು ಎಂಪೆಗ್ ಎಂಬ ಅಂತರರಾಷ್ಟ್ರೀಯ ಮಾನಕದ ಮೂರನೆಯ ಪದರವಾಗಿ ನಿಂತಿತು. ಫೈಲಿನ ಬಾಲಕ್ಕೆ ಎಂಪಿ3 ಎಂಬ ಹೆಸರು ಅಂಟಿದ್ದು 1995ರ ಜುಲೈ 14ರಂದು.

ಆಮೇಲಿನ ಕತೆ ನಮಗೆಲ್ಲ ಗೊತ್ತು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ, ಎಡ ಬಲ ಎರಡೂ ಕಡೆ, ಒಂದೊಂದು ಸಲಕ್ಕೂ 16 ಬಿಟ್ ಬರೆಯುತ್ತಾರೆ. ಗುಣಿಸಿದರೆ ಸೆಕೆಂಡಿಗೆ 14 ಲಕ್ಷ ಬಿಟ್, ನಿಮಿಷಕ್ಕೆ ಹತ್ತೂವರೆ ಎಂ.ಬಿ. 128 ಕಿಲೋಬಿಟ್‌ನ ಎಂಪಿ3 ಅದೇ ನಿಮಿಷವನ್ನು ಒಂದು ಎಂ.ಬಿ.ಗಿಂತ ಕಡಿಮೆ ಜಾಗದಲ್ಲಿ ಇಡುತ್ತದೆ. 2000ದ ಆಸುಪಾಸು ಬಸ್ ಸ್ಟ್ಯಾಂಡುಗಳೆದುರು ಗಾಡಿಯ ಮೇಲೆ ಒಂದೇ ಸಿ.ಡಿ.ಯಲ್ಲಿ ರಾಜ್‌ಕುಮಾರರ ನೂರಕ್ಕೂ ಮೇಲ್ಪಟ್ಟು ಹಾಡು ಮಾರುತ್ತಿದ್ದದ್ದು ಈ ಲೆಕ್ಕದ ಮೇಲೆ. ನಮ್ಮಪ್ಪ ಅಂಥದ್ದೊಂದನ್ನು ತಂದು, ಇಷ್ಟು ಹಾಡು ಇಷ್ಟು ಕಡಿಮೆಗೆ ಕೊಟ್ಟರೆ ಅವನಿಗೇನು ಗಿಟ್ಟುತ್ತದೆ ಎಂದು ಬಹಳ ಹೊತ್ತು ಚಿಂತೆ ಮಾಡಿದ್ದರು.

ಈಗ ತಾತನ 'ಶ್'ಗೆ ಬರೋಣ. ಎಂಪಿ3 ಒಂದು ಸಲಕ್ಕೆ 576 ಅಂಕಿಗಳ ತುಂಡನ್ನು ತೆಗೆದುಕೊಳ್ಳುತ್ತದೆ. ಅಂದರೆ ಸುಮಾರು 13 ಮಿಲಿಸೆಕೆಂಡಿನ ಸದ್ದು. ಹೆಂಚಿನ ಹಾಗೆ ಅಂಚು ಹತ್ತಿಸುವುದರಿಂದ ಅದರ ಹರವು ಇದರ ಎರಡರಷ್ಟು. ಈ ತುಂಡಿನ ಮೊದಲರ್ಧ ನಿಶ್ಶಬ್ದ, ನಡುವೆ ತಮಟೆಯ ಏಟು ಎಂದುಕೊಳ್ಳಿ. ಡಿಸಿಟಿಗೆ ಯಾವಾಗ ಎಂಬುದು ಗೊತ್ತಿಲ್ಲ. ಯಾವ ಸ್ಥಾಯಿ, ಎಷ್ಟು ಎಂಬುದಷ್ಟೇ ಗೊತ್ತು. ಚೂರುಪಾರು ಚೆಲ್ಲಿದಾಗ ಆದ ತಪ್ಪು ತುಂಡಿನ ಉದ್ದಕ್ಕೂ ಒಂದೇ ಸಮ ಹರಡಿಕೊಳ್ಳುತ್ತದೆ, ಏಟಿನ ಹಿಂದಕ್ಕೂ ಮುಂದಕ್ಕೂ. ಏಟಿನ ನಂತರ ಹರಡಿದ್ದು ಕೇಳಿಸುವುದಿಲ್ಲ, ಯಾಕೆಂದರೆ ದೊಡ್ಡ ಸದ್ದಾದ ಮೇಲೆ ಕಿವಿ 100 ಮಿಲಿಸೆಕೆಂಡಿನಷ್ಟು ಹೊತ್ತು ಸಣ್ಣ ಸದ್ದುಗಳಿಗೆ ಮಂಕಾಗಿರುತ್ತದೆ. ಮುಂಚೆ ಆ ರಕ್ಷಣೆ ಕೆಲವೇ ಮಿಲಿಸೆಕೆಂಡು. ಹಾಗಾಗಿ ಮುಂಚೆ ಹರಡಿದ್ದು ಬಯಲಾಗುತ್ತದೆ. ಇದನ್ನು ಮುನ್‌ಪ್ರತಿಧ್ವನಿ ಎನ್ನಬಹುದು. ಎಂಪಿ3 ಮಾಡಿದವರಿಗೆ ಇದು ಗೊತ್ತಿತ್ತು. ಏಟು ಬರುವ ಸುಳಿವು ಸಿಕ್ಕರೆ ತುಂಡನ್ನು ಮೂರು ಪಾಲು ಮಾಡಿ ಚಿಕ್ಕದಾಗಿ ಕತ್ತರಿಸು ಎಂಬ ಏರ್ಪಾಡೂ ಮಾಡಿದ್ದರು. ಅವರು ಇದನ್ನು ಪರೀಕ್ಷಿಸಲು ಇಟ್ಟುಕೊಂಡದ್ದು ಕ್ಯಾಸ್ಟನೆಟ್ಸ್ ಎಂಬ ಸ್ಪೇನಿನ ಮರದ ಚಿಟಿಕೆ. ಆದರೆ ಸೆಕೆಂಡಿಗೆ 64 ಕಿಲೋಬಿಟ್ ಎಂದು ಹೊಟ್ಟೆ ಕಟ್ಟಿಬಿಟ್ಟರೆ ಎಷ್ಟು ಚಿಕ್ಕದಾಗಿ ಕತ್ತರಿಸಿದರೂ ಸಾಲದು. ಕಾಯಿಸಿದ ಚರ್ಮದ ಮೇಲೆ ಸಣಕಲು ಕಡ್ಡಿಯ ಏಟು ಚಿಟಿಕೆಗಿಂತ ಕಮ್ಮಿಯಿಲ್ಲ. ಅವರ ಪ್ರಯೋಗಶಾಲೆಯಲ್ಲಿ ವಕ್ಕಲೇರಿಯ ತಮಟೆ ಇದ್ದಿದ್ದರೆ ಅದನ್ನೇ ಇಟ್ಟುಕೊಳ್ಳುತ್ತಿದ್ದರು ಎಂಬುದು ನನ್ನ ಖಾತ್ರಿ.

ಹಾಗಾದರೆ ಏನೂ ಚೆಲ್ಲದೆ ಕುಗ್ಗಿಸಲು ಬರುವುದಿಲ್ಲವೇ? ಬರುತ್ತದೆ. ಆ ದಾರಿ ಹಿಡಿದರೂ ಬೆಂಗಳೂರು ಸಿಕ್ಕಿದ್ದು ನನಗೆ ಎರಡನೆಯ ಆಶ್ಚರ್ಯ.

ಬಿಷ್ಣು ಅಟಲ್ ಹುಟ್ಟಿದ್ದು ಕಾನ್ಪುರದಲ್ಲಿ, 1933ರಲ್ಲಿ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1955ರಲ್ಲಿ ಡಿಪ್ಲೊಮಾ ಮುಗಿಸಿ, 1957ರಿಂದ 1960ರವರೆಗೆ ಅಲ್ಲೇ ಧ್ವನಿಶಾಸ್ತ್ರ ಪಾಠ ಮಾಡಿದರು. ನಾಸಿರ್ ಅಹ್ಮದ್ ಕೆ.ಆರ್. ಸರ್ಕಲ್ಲಿನಲ್ಲಿ ಓದುತ್ತಿದ್ದ ವರ್ಷಗಳು ಕೂಡ ಹೆಚ್ಚುಕಡಿಮೆ ಅವೇ. ಇಬ್ಬರೂ ಒಂದೇ ಊರಿನಲ್ಲಿ ಕೆಲವೇ ಮೈಲಿ ಅಂತರದಲ್ಲಿದ್ದರು. 1961ರಲ್ಲಿ ಅಟಲ್ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿ, ಅಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಜತೆ ಊಹೆಯಿಂದ ಮಾತನ್ನು ಕುಗ್ಗಿಸುವ ವಿದ್ಯೆಯನ್ನು ಬೆಳೆಸಿದರು. ಅದೇ ಕಾಲಕ್ಕೆ ಜಪಾನಿನಲ್ಲಿ ಇಟಾಕುರಾ ಮತ್ತು ಸೈಟೊ ಕೂಡ ಅದೇ ದಾರಿಯಲ್ಲಿದ್ದರು.

ಊಹೆ ಎಂದರೇನು? ಅದೇ ನಾಲ್ಕು ಅಂಕಿ: 10, 11, 12, 13. ಮೊದಲೆರಡನ್ನು ಹೇಳಿ. ಮೂರನೆಯದು ಎಷ್ಟಿರಬಹುದು? ಏರಿಕೆ ನೋಡಿದರೆ 12. ಸರಿಯಾಯಿತು, ತಪ್ಪು ಸೊನ್ನೆ. ನಾಲ್ಕನೆಯದು 13. ಅದೂ ಸರಿ, ತಪ್ಪು ಸೊನ್ನೆ. ಬರೆದಿಡಬೇಕಾದ್ದು 10, 11, 0, 0. ನಾಲ್ಕನೆಯದು 14 ಆಗಿದ್ದರೆ 10, 11, 0, 1. ಊಹೆ ಎಷ್ಟು ತಪ್ಪಿತು ಎಂಬುದನ್ನೂ ಬರೆದಿಡುವುದರಿಂದ ಹಿಂದಕ್ಕೆ ತಿರುಗಿಸಿದಾಗ ಒಂದು ಬಿಟ್ಟೂ ಕಳೆದುಹೋಗುವುದಿಲ್ಲ. ಜಾಗ ಉಳಿಯುವುದು ಸೊನ್ನೆಯಂಥ ಸಣ್ಣ ಅಂಕಿಗಳನ್ನು ಬರೆಯಲು ಕಡಿಮೆ ಬಿಟ್ ಸಾಕಾಗುವುದರಿಂದ. 2001ರಲ್ಲಿ ಜೋಶ್ ಕೋಲ್ಸನ್ ಎಂಬಾತ ಯಾರು ಬೇಕಾದರೂ ಬಳಸಲಿ ಎಂದು ಪುಕ್ಕಟೆಯಾಗಿ ಬಿಟ್ಟ ಫ್ಲ್ಯಾಕ್ ಎಂಬ ಫೈಲು ಹೀಗೆ ಕೆಲಸ ಮಾಡುತ್ತದೆ. ಕುಗ್ಗುವುದು ಅರ್ಧದಷ್ಟೋ ಅದಕ್ಕಿಂತ ತುಸು ಕಡಿಮೆಯೋ. ಎಂಪಿ3ಯ ಹತ್ತರಲ್ಲೊಂದು ಪಾಲಿನ ಪವಾಡ ಇಲ್ಲಿಲ್ಲ.

ಫ್ಲ್ಯಾಕ್ ಆ ಸಣ್ಣ ಅಂಕಿಗಳನ್ನು ಬರೆಯುವ ಲಿಪಿಗೆ ರೈಸ್ ಸಂಕೇತ ಎನ್ನುತ್ತಾರೆ. ನಾಸಾದ ಪ್ರಯೋಗಾಲಯವೊಂದರಲ್ಲಿ ರಾಬರ್ಟ್ ರೈಸ್ ಎಂಬಾತ ಬಾಹ್ಯಾಕಾಶ ನೌಕೆಯಿಂದ ಚಿತ್ರ ಕಳಿಸಲು 1970ರ ದಶಕದಲ್ಲಿ ರೂಪಿಸಿದ್ದು. ಆ ಹೆಸರು ಓದಿದಾಗ ನನಗೆ ನಗು ಬಂತು. ವಕ್ಕಲೇರಿಯವರಿಗೆ ರೈಸ್ ಎಂದರೆ ಬೇರೆ, ಬಿ.ಎಲ್. ರೈಸ್. ನಮ್ಮ ಊರಿನ ಹೆಸರನ್ನು ಚರಿತ್ರೆಯ ಪುಸ್ತಕಗಳಿಗೆ ಹತ್ತಿಸಿದ ತಾಮ್ರಶಾಸನವನ್ನು ಮೊದಲು ಓದಿ ಅಚ್ಚು ಹಾಕಿಸಿದವರು. ಬಾದಾಮಿಯ ಚಾಲುಕ್ಯ ಎರಡನೆಯ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಬರೆಸಿದ ತಾಮ್ರಪಟಗಳವು. ಅವನ ತಂದೆ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಹಾಳುಗೆಡವದೆ, ದೇವಾಲಯದ ಹೊನ್ನನ್ನು ದೇವರಿಗೇ ಬಿಟ್ಟುಬಂದ ಎಂಬ ಸುದ್ದಿ ಅದರಲ್ಲಿದೆ. ರೈಸ್ ಓದಿ ಮುಗಿಸಿದ ಮೇಲೆ ಶಾಸನದ ಕತೆ ಮುಗಿಯಲಿಲ್ಲ. ಕೀಲ್‌ಹಾರ್ನ್ ಎಂಬ ಜರ್ಮನ್ ವಿದ್ವಾಂಸರು ಅದೇ ಪಟಗಳನ್ನು ಹೊಸದಾಗಿ ಸಂಪಾದಿಸಿ 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಎರಡನೆಯವರು ಹೊಸದಾಗಿ ಓದಬೇಕೆಂದರೆ ಅಕ್ಷರವೆಲ್ಲ ಇದ್ದ ಹಾಗೇ ಉಳಿದಿರಬೇಕು. ಮೊದಲನೆಯವರು ತಮಗೆ ಬೇಕಾದ ಸಾರಾಂಶ ಬರೆದಿಟ್ಟು ತಾಮ್ರವನ್ನು ಕರಗಿಸಿದ್ದರೆ?

ನಾನು ಮಾಡಿದ್ದು ಅದನ್ನೇ. ತಮಟೆಯ ಸಾರಾಂಶ ಬರೆದಿಟ್ಟು ತಾಮ್ರ ಕರಗಿಸಿದ್ದೆ.

ಹಾಗೆಂದು ಎಂಪಿ3ಯನ್ನು ಹೀಗಳೆಯುವ ಶೋಕಿ ನನಗಿಲ್ಲ. ಸಾವಿರಾರು ರೂಪಾಯಿಯ ಹೆಡ್‌ಫೋನು ಹಾಕಿಕೊಂಡು ಫ್ಲ್ಯಾಕ್ ಅಲ್ಲದ್ದನ್ನು ಕೇಳಿದರೆ ಕಿವಿ ನೋಯುತ್ತದೆ ಎನ್ನುವವರನ್ನು ನೋಡಿದ್ದೇನೆ. ಕಣ್ಣಿಗೆ ಬಟ್ಟೆ ಕಟ್ಟಿ ಕೇಳಿಸಿದರೆ ಅವರಲ್ಲಿ ಬಹಳ ಮಂದಿ ತಡಬಡಾಯಿಸುತ್ತಾರೆ. ನಾನೂ ಪರೀಕ್ಷೆ ಮಾಡಿದೆ. ತಾತನನ್ನು ಮತ್ತೆ ಒಪ್ಪಿಸಿ, ಈ ಸಲ ಏನನ್ನೂ ಕುಗ್ಗಿಸದ ವೇವ್ ಫೈಲಿನಲ್ಲಿ ಎರಡು ನಿಮಿಷ ಹಿಡಿದುಕೊಂಡು, ಅದರಿಂದ 64, 128, 256 ಕಿಲೋಬಿಟ್‌ನ ಮೂರು ಪ್ರತಿ ಮಾಡಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದೆ. 64 ಬಂದ ಕೂಡಲೇ ತಾತ "ಇದೇ ಕಳ್ಳ" ಅಂದರು. 128ಕ್ಕೆ ಒಂದು ಸಲ ಹುಬ್ಬು ಗಂಟಿಕ್ಕಿದರು, ಇನ್ನೊಂದು ಸಲ ಸುಮ್ಮನಾದರು. 256ಕ್ಕೂ ಮೂಲಕ್ಕೂ ವ್ಯತ್ಯಾಸ ಅವರಿಗೂ ಸಿಗಲಿಲ್ಲ, ನನಗಂತೂ ಕೇಳಲೇಬೇಡಿ. "ಎರಡೂ ನನ್ದೇ" ಅಂದು ಬೀಡಿ ಹಚ್ಚಿದರು.

ಹಾಗಾದರೆ ಎಲ್ಲವನ್ನೂ 256ರಲ್ಲೇ ಇಟ್ಟರೆ ಆಗದೇ? ಕೇಳುವುದಕ್ಕಷ್ಟೇ ಆದರೆ ಆಗುತ್ತದೆ. ಆದರೆ ರೆಕಾರ್ಡಿಂಗಿಗೆ ಕೇಳಿಸಿಕೊಳ್ಳುವುದೊಂದೇ ಹಣೆಬರಹವಲ್ಲ. ನಾಳೆ ಯಾರೋ ಅದನ್ನು ಕತ್ತರಿಸುತ್ತಾರೆ, ದನಿ ಏರಿಸುತ್ತಾರೆ, ಗಾಳಿಯ ಸದ್ದು ತೆಗೆಯುತ್ತಾರೆ, ಮತ್ತೆ ಎಂಪಿ3 ಮಾಡುತ್ತಾರೆ. ಪ್ರತಿ ಸಲವೂ ಹೊಸದಾಗಿ ಒಂದಿಷ್ಟು ಚೆಲ್ಲುತ್ತದೆ. ನಗಾರಿಯ ಮರೆಯಲ್ಲಿದ್ದ ತಪ್ಪು, ನಗಾರಿಯನ್ನು ತಗ್ಗಿಸಿದ ಕೂಡಲೇ ಎದ್ದು ಕಾಣುತ್ತದೆ. ಇನ್ನೊಬ್ಬರು ಏಟಿನ ನಡುವಿನ ಅಂತರ ಅಳೆದು ತಾಳದ ಲೆಕ್ಕ ಬರೆಯಬಹುದು. ಅವರಿಗೆ ಏಟಿಗೆ ಮುಂಚಿನ ಆ ಸಪಾಟು ಗೆರೆ ಬೇಕೇ ಬೇಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಹಳೆಯ ದನಿಗಳನ್ನು ಕಾಪಿಡುವವರಿಗೆ ಹೇಳುವುದೂ ಇಷ್ಟೇ: ಕನಿಷ್ಠ ಸೆಕೆಂಡಿಗೆ 48,000 ಸಲ, 24 ಬಿಟ್, ಏನೂ ಚೆಲ್ಲದ ಫೈಲು. ಹಂಚುವುದಕ್ಕೆ ಬೇಕಾದರೆ ಅದರಿಂದ ಕುಗ್ಗಿಸಿದ ಪ್ರತಿ ತೆಗೆದುಕೊಳ್ಳಿ. ಕುಗ್ಗಿಸಿದ್ದರಿಂದ ಮೂಲ ತೆಗೆಯಲು ಬರುವುದಿಲ್ಲ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ಕಾಲೇಜು ಓದುವ ತಾತನ ಮೊಮ್ಮಗಳು ದಿನಾ ರಾತ್ರಿ ವಾಟ್ಸಾಪಿನಲ್ಲಿ ದನಿ ಕಳಿಸುತ್ತಾಳೆ: ಊಟ ಆಯ್ತಾ, ಮಾತ್ರೆ ತಗೊಂಡ್ಯಾ. ಆ ದನಿ ಬರುವ ಫೈಲಿಗೆ ಓಪಸ್ ಎಂದು ಹೆಸರು, 2012ರಲ್ಲಿ ಮಾನಕವಾದದ್ದು. ಅದರೊಳಗೆ ಎರಡು ಯಂತ್ರಗಳಿವೆ. ಮಾತಿಗೆ ಒಗ್ಗುವ ಒಂದು ಊಹೆಯಿಂದ ನಡೆಯುತ್ತದೆ, ಅಟಲ್ ತುಳಿದ ದಾರಿ. ಸಂಗೀತಕ್ಕೆ ಒಗ್ಗುವ ಇನ್ನೊಂದು ಮಾರ್ಪಡಿಸಿದ ಡಿಸಿಟಿಯಿಂದ, ಅಹ್ಮದರ ದಾರಿ. ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಅಕ್ಕಪಕ್ಕ ಇದ್ದ ಇಬ್ಬರ ಕೆಲಸ ಆ 'ಮಾತ್ರೆ ತಗೊಂಡ್ಯಾ' ಎಂಬ ಮಾತನ್ನು ದಿನಾ ವಕ್ಕಲೇರಿಗೆ ತರುವ ಓಪಸ್‌ನೊಳಗೆ ಒಟ್ಟಿಗೆ ಕೂತಿದೆ. ಆ ಮಾತನ್ನು ವೇವ್ ಫೈಲಿನಲ್ಲಿ ಕಳಿಸು ಎಂದು ಯಾರೂ ಅವಳಿಗೆ ಹೇಳಬೇಕಾಗಿಲ್ಲ.

ಯುಗಾದಿ ಕಳೆದ ಮೇಲೆ ತಾತ ಮತ್ತೆ ಬೆಟ್ಟದ ಬುಡಕ್ಕೆ ಬಂದರು. ಅದೇ ಒಣಹುಲ್ಲು, ಅದೇ ಬೆಂಕಿ. ರೆಕಾರ್ಡರಿನ ಪಟ್ಟಿಯಲ್ಲಿ ಈ ಸಲ ಎಲ್ಲಕ್ಕಿಂತ ಮೇಲಿದ್ದುದನ್ನು ಒತ್ತಿದೆ. ಒಂದೇ ಮೈಕು, 48,000, 24 ಬಿಟ್, ವೇವ್. 40 ನಿಮಿಷಕ್ಕೆ 346 ಎಂ.ಬಿ. ಆಯಿತು. ಮನೆಗೆ ಬಂದು ಫ್ಲ್ಯಾಕ್ ಮಾಡಿದಾಗ 220ಕ್ಕೆ ಇಳಿಯಿತು. ಒಂದು ಪ್ರತಿ ವಕ್ಕಲೇರಿಯ ಮನೆಯ ಬೀರುವಿನಲ್ಲಿದೆ, ಇನ್ನೊಂದು ಬೆಂಗಳೂರಿನಲ್ಲಿ. ತಾತನಿಗೆ ತೋರಿಸಿ, ನೋಡಿ ತಾತ, ಇದರಲ್ಲಿ ಒಂದು ಚೂರೂ ಕಳೆದಿಲ್ಲ ಎಂದೆ.

"ಅದೆಲ್ಲ ಸರಿ, ಮೊಮ್ಮಗಳಿಗೆ ವಾಟ್ಸಾಪ್‌ನಾಗೆ ಕಳ್ಸು" ಅಂದರು.

ಮೂರು ನಿಮಿಷದ ತುಣುಕು ಕತ್ತರಿಸಿ, ಎಂಪಿ3 ಮಾಡಿ ಕಳಿಸಿದೆ. 256ರಲ್ಲಿ.